ಅವಳ ಹೆಸರಿನಲ್ಲೊಂದು ಮನೆ

ಮುಸ್ಲಿಮ್ ಯುವತಿಯೊಬ್ಬಳು ಸ್ವಂತ ದುಡಿಮೆಯಿಂದ, ಒಬ್ಬಳೇ, ಮನೆ ಖರೀದಿಸಿದಳೆಂದರೆ ನಮ್ಮ ಮೊಹಲ್ಲಾಗಳಲ್ಲಿ ಅದು ಇಂದಿಗೂ ಚರ್ಚೆಯ ವಿಷಯ. ಅಭಿನಂದನೆಗಿಂತ ಮೊದಲು ಪ್ರಶ್ನೆಗಳೇ ಏಳುತ್ತವೆ. ಅವಳಿಗೆ ಸಹೋದರರಿಲ್ಲವೇ? ಮದುವೆಯ ಇರಾದೆ ಇಲ್ಲವೇ? ಅದೇ ವಯಸ್ಸಿನ ಯುವಕ ಮನೆ ಕೊಂಡಾಗ ನಾವು ಮಿಠಾಯಿ ಹಂಚುತ್ತೇವೆ. ಈ ವ್ಯತ್ಯಾಸ ಎಲ್ಲಿಂದ ಬಂತು?

ಧರ್ಮದಿಂದಂತೂ ಬಂದಿಲ್ಲ. ಇಂಗ್ಲೆಂಡಿನಲ್ಲಿ ವಿವಾಹಿತ ಸ್ತ್ರೀಗೆ ಪ್ರತ್ಯೇಕ ಆಸ್ತಿಯ ಹಕ್ಕನ್ನು ವ್ಯಾಪಕವಾಗಿ ನೀಡಿದ ಕಾನೂನು ಬಂದದ್ದು 1882ರಲ್ಲಿ. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯವು ಮಹ್ರ್, ವಾರಸು ಪಾಲು ಮತ್ತು ಸ್ವಂತ ಗಳಿಕೆ, ಈ ಮೂರರ ಮೇಲೂ ಮಹಿಳೆಯ ಹಕ್ಕನ್ನು ಏಳನೇ ಶತಮಾನದಲ್ಲೇ ಸ್ಥಿರಪಡಿಸಿತ್ತು. ಹಝ್ರತ್ ಖದೀಜಾ(ರ) ಸ್ವತಃ ವ್ಯಾಪಾರಸ್ಥೆಯಾಗಿದ್ದರು. ಇದನ್ನು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆದರೆ ವೇದಿಕೆಯಿಂದಿಳಿದ ಬಳಿಕ? ಮಹ್ರ್‌ನ ಚಿನ್ನ ಗಂಡನ ವ್ಯಾಪಾರಕ್ಕೆ ಕರಗುತ್ತದೆ. ತಂದೆ ತೀರಿಕೊಂಡಾಗ, ‘ಮದುವೆಗೆ ಖರ್ಚು ಮಾಡಿಲ್ಲವೇ’ ಎಂಬ ಒಂದೇ ಮಾತಿಗೆ ಸಹೋದರಿಯರು ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕುತ್ತಾರೆ.

ಅದೇ ಸಹೋದರಿ ತಲಾಕ್ ಪಡೆದೋ ವಿಧವೆಯಾಗಿಯೋ ತವರಿಗೆ ಮರಳಿದಾಗ ಅವಳನ್ನು ‘ಹೊರೆ’ ಎನ್ನಲಾಗುತ್ತದೆ. ಅವಳ ಪಾಲಿನ ಜಾಗದಲ್ಲೇ ಕಟ್ಟಿದ ಮನೆಯಲ್ಲಿ ಅವಳು ಅತಿಥಿ! ಮಹಿಳೆ ಸ್ವಂತ ಮನೆ ಬಯಸುವುದು ಕುಟುಂಬದ ವಿರುದ್ಧದ ಬಂಡಾಯವಲ್ಲ. ಕುಟುಂಬ ಕೈಬಿಟ್ಟಾಗಲೂ ಬೀದಿಗೆ ಬೀಳದಿರುವ ಭದ್ರತೆಯನ್ನಷ್ಟೇ ಅವಳು ಬಯಸುತ್ತಾಳೆ. ಸ್ವಂತ ಸೂರು ಇರುವವಳು ತವರಿಗೆ ಬರುವುದು ಪ್ರೀತಿಯಿಂದ, ನಿರ್ವಾಹವಿಲ್ಲದೆ ಅಲ್ಲ.

ದಾರಿ ಸುಲಭವಿಲ್ಲ ಎಂಬುದು ನಿಜ. ಬಡ್ಡಿಯ ಸಾಲಕ್ಕೆ ಮನಸ್ಸೊಪ್ಪುವುದಿಲ್ಲ. ಇಸ್ಲಾಮೀ ಬ್ಯಾಂಕಿಂಗ್ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಈ ಕೊರತೆಯನ್ನೇ ಬಂಡವಾಳ ಮಾಡಿಕೊಂಡವರಿದ್ದಾರೆ. ಬೆಂಗಳೂರಿನ ಐಎಂಎ 2019ರಲ್ಲಿ ಕುಸಿದಾಗ, ‘ಹಲಾಲ್ ಲಾಭ’ದ ಮಾತು ನಂಬಿ ಜೀವಮಾನದ ಉಳಿತಾಯ ಕಳೆದುಕೊಂಡವರಲ್ಲಿ ಅಸಂಖ್ಯ ಮಹಿಳೆಯರಿದ್ದರು. ಗಡ್ಡ, ಟೋಪಿ ಮತ್ತು ಸಿಹಿಮಾತು ದಾಖಲೆಗೆ ಬದಲಿಯಾಗಲಾರವು ಎಂಬ ಪಾಠವನ್ನು ನಾವು ಮರೆಯಬಾರದು.

ಆದ್ದರಿಂದ ಹೆಣ್ಣುಮಕ್ಕಳಿಗೆ ದುಡಿಮೆಯ ಜೊತೆಗೆ ದಾಖಲೆ ಓದುವುದನ್ನೂ ಕಲಿಸೋಣ. ಸಂಬಳ ಅವಳದೇ ಬ್ಯಾಂಕ್ ಖಾತೆಗೆ ಬರಲಿ. ಮನೆ ನೋಡಿದ ಮೇಲೆ ಮಾರುವವನ ಮೂಲ ಕ್ರಯಪತ್ರ, ಋಣಭಾರ ಪತ್ರ, ಇ-ಖಾತಾಗಳನ್ನು ವಕೀಲರಿಂದ ಪರಿಶೀಲಿಸಲಿ. ಹೊಸ ಅಪಾರ್ಟ್‌ಮೆಂಟ್ ಆದರೆ 2016ರ ರೇರಾ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ನೋಡಲಿ. ಮುಂಗಡಕ್ಕೆ ರಶೀದಿ ಪಡೆಯಲಿ. ದೊಡ್ಡ ಮನೆಯೇ ಬೇಕೆಂದಿಲ್ಲ. ಚಿಕ್ಕ ನಿವೇಶನದಿಂದಲೂ ಆರಂಭಿಸಬಹುದು. ಆದರೆ ಉಪನೋಂದಣಾಧಿಕಾರಿಯ ಮುಂದೆ ಕ್ರಯಪತ್ರದಲ್ಲಿ ಬರೆಯುವ ಹೆಸರು ಅವಳದೇ ಆಗಿರಲಿ.

ಸರಕಾರಕ್ಕೂ ಹೊಣೆಯಿದೆ. ಮಹಾರಾಷ್ಟ್ರವು 2021ರಿಂದ ಮಹಿಳೆಯರ ಹೆಸರಿನ ಮನೆ ಖರೀದಿಗೆ ಮುದ್ರಾಂಕ ಶುಲ್ಕದಲ್ಲಿ ಶೇ. 1ರ ರಿಯಾಯಿತಿ ನೀಡುತ್ತಿದೆ. ನಮ್ಮ ರಾಜ್ಯವೂ ಅಂತಹ ಹೆಜ್ಜೆಯಿಡಬೇಕೆಂದು ಎಲ್ಲ ಸಮುದಾಯಗಳ ಮಹಿಳೆಯರ ಪರವಾಗಿ ನಾವು ಒತ್ತಾಯಿಸುತ್ತೇವೆ.

ಆದರೆ ಸರಕಾರಕ್ಕಿಂತ ಮೊದಲು ನಾವು ಬದಲಾಗಬೇಕು. ವರದಕ್ಷಿಣೆಗೆಂದು ಕೂಡಿಡುವ ಹಣವನ್ನು ಮಗಳ ನಿವೇಶನಕ್ಕೆ ತೊಡಗಿಸುವ ತಂದೆಯಂದಿರು ಬೇಕು. ಸಹೋದರಿಯ ಪಾಲನ್ನು ಕೇಳುವ ಮೊದಲೇ ಅಳೆದು ಕೊಡುವ ಸಹೋದರರು ಬೇಕು. ಶುಕ್ರವಾರದ ಖುತ್ಬಾಗಳಲ್ಲಿ ಈ ಪಾಲಿನ ಲೆಕ್ಕವೂ ಕೇಳಿಬರಬೇಕು. ಏಕೆಂದರೆ ಅದು ನಾವು ಅವಳಿಗೆ ಮಾಡುವ ಉಪಕಾರವಲ್ಲ. ನಮ್ಮ ಮೇಲಿರುವ ಬಾಕಿ.