ದಾರಿಯಲ್ಲಿ ಕಳೆದುಹೋದ ವೋಲ್ಟು

ಮಲ್ಪೆಯಿಂದ ಏಳನೇ ತರಗತಿಯ ಹುಡುಗನೊಬ್ಬ ಕೇಳಿದ್ದಾನೆ: ‘ಅಜ್ಜನ ದೋಣಿಯಲ್ಲಿ ಫಿಶ್ ಫೈಂಡರ್ ಇದೆ. ಬ್ಯಾಟರಿ ಹೊಸದು. ಆದರೂ ಪರದೆ ಆಗಾಗ ಆರಿ, ಮತ್ತೆ ಹೊತ್ತಿಕೊಳ್ಳುತ್ತದೆ. ಯಂತ್ರ ಕೆಟ್ಟಿದೆಯೆ?’

ಮಗೂ, ಯಂತ್ರವನ್ನು ದೂರುವ ಮೊದಲು ವೈರನ್ನು ವಿಚಾರಿಸೋಣ.

ಫಿಶ್ ಫೈಂಡರ್ ನೀರಿನೊಳಕ್ಕೆ ಶಬ್ದ ಕಳಿಸಿ ಅದರ ಮಾರ್ದನಿಗೆ ಕಾಯುತ್ತದೆ. ಸಮುದ್ರದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. 30 ಮೀಟರ್ ಆಳದ ತಳ ಮುಟ್ಟಿ ಹಿಂದಿರುಗಲು ಸೆಕೆಂಡಿನ 25ರಲ್ಲಿ ಒಂದು ಪಾಲು ಸಾಕು. ಮೀನಿನ ಹಿಂಡಷ್ಟೇ ಅಲ್ಲ, ನೀರಿನ ಆಳವೂ ಇದರಿಂದ ತಿಳಿಯುತ್ತದೆ. ಕತ್ತಲಲ್ಲಿ ಅಳಿವೆ ದಾಟುವಾಗ ಪರದೆ ಆರಿದರೆ ಮರಳದಿಬ್ಬದ ಸುಳಿವೇ ಸಿಗದು. ಹಾಗಾಗಿ ಇದು ಸಣ್ಣ ದೋಷವಲ್ಲ.

ಮನೆಯ ನಲ್ಲಿಯನ್ನು ನೆನಪಿಸಿಕೊ. ಪೈಪಿನಲ್ಲಿ ಕಸ ಕಟ್ಟಿದ್ದರೂ ನಲ್ಲಿ ಮುಚ್ಚಿದ್ದಾಗ ಗೊತ್ತಾಗುವುದಿಲ್ಲ. ತಿರುಗಿಸಿದಾಗಲೇ ನೀರು ಸಣ್ಣಗೆ ಬರುತ್ತದೆ. ವೈರೂ ಹಾಗೆಯೇ. ಯಂತ್ರ ಆಫ್ ಇದ್ದಾಗ ಎರಡೂ ತುದಿಗಳಲ್ಲಿ 12.6 ವೋಲ್ಟ್ ಕಾಣಬಹುದು. ಆದರೆ ಯಂತ್ರ 2 ಆಂಪಿಯರ್ ಎಳೆದಾಗ, ತುಕ್ಕು ಹಿಡಿದ ಒಂದು ಜೋಡಣೆ 1 ಓಮ್ ತಡೆ ಒಡ್ಡಿದರೆ 2 ವೋಲ್ಟ್ ಅಲ್ಲೇ ಖರ್ಚು. ಉಳಿಯುವುದು 10.6. ಇಷ್ಟಕ್ಕೆ ಇಳಿದಾಗ ಕೆಲವು ಯಂತ್ರಗಳು ಆರಿಬಿಡುತ್ತವೆ.

ಅಜ್ಜ ಮಲ್ಟಿಮೀಟರ್ ಹಿಡಿಯಲಿ, ನೀನು ನೋಟ್‌ಬುಕ್ ಹಿಡಿ. ಯಂತ್ರ ಓಡುತ್ತಿರುವಾಗಲೇ ಮೊದಲು ಬ್ಯಾಟರಿಯ ಬಳಿ, ನಂತರ ಯಂತ್ರದ ಪ್ಲಗ್ ಬಳಿ ಅಳೆದು ಬರೆದುಕೊಳ್ಳಿ. ವ್ಯತ್ಯಾಸ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ದಾರಿಯಲ್ಲಿ ಸೋರಿಕೆಯಿದೆ. ಮೊತ್ತ ತಾಳೆಯಾಗದ ಲೆಕ್ಕದಲ್ಲಿ ಸಾಲು ಸಾಲಾಗಿ ಟಿಕ್ ಹಾಕುವಂತೆ ಫ್ಯೂಸ್, ಸ್ವಿಚ್, ಪ್ರತಿ ಜೋಡಣೆಯನ್ನೂ ದಾಟುತ್ತಾ ಅಳೆಯಿರಿ. ಮೈನಸ್ ವೈರನ್ನು ಮರೆಯಬೇಡಿ. ಬಹಳ ಜನ ಪ್ಲಸ್ ಮಾತ್ರ ನೋಡಿ ಬಿಟ್ಟುಬಿಡುತ್ತಾರೆ.

ಉಪ್ಪುಗಾಳಿಗೆ ತಾಮ್ರ ಹಸಿರುಗಟ್ಟುತ್ತದೆ. ಹಸಿರು ಕಂಡರೆ ಬ್ಯಾಟರಿ ಸಂಪರ್ಕ ಬಿಚ್ಚಿ, ಹೊಳೆಯುವ ತಾಮ್ರ ಸಿಗುವವರೆಗೆ ವೈರ್ ಕತ್ತರಿಸಿ ಹೊಸ ಲಗ್ ಒತ್ತಿಸಬೇಕು. ನೀರು ಎತ್ತುವ ಪಂಪಿನ ವೈರಿಗೇ ಇದನ್ನೂ ಸೇರಿಸಿದ್ದರೆ ಬೇರ್ಪಡಿಸಿ, ಬ್ಯಾಟರಿಯಿಂದಲೇ ಪ್ರತ್ಯೇಕ ವೈರ್ ಎಳೆದು, ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿಸಿ. ಫ್ಯೂಸ್ ಪದೇ ಪದೇ ಸುಟ್ಟರೆ ಅದರ ಜಾಗದಲ್ಲಿ ತಾಮ್ರದ ಎಳೆ ಸುತ್ತಬಾರದು. ಅದು ಬೆಂಕಿಗೆ ಆಹ್ವಾನ.

ಎಂಜಿನ್ ಸ್ಟಾರ್ಟ್ ಮಾಡುವ ಕ್ಷಣದಲ್ಲಿ ಮಾತ್ರ ಪರದೆ ಆರುತ್ತದೆಯೆ? ಆಗ ಸ್ಟಾರ್ಟರ್ ಮೋಟಾರು ಬ್ಯಾಟರಿಯನ್ನೇ ಹೀರುತ್ತಿದೆ ಎಂದರ್ಥ. ಎಂಜಿನ್ ಓಡತೊಡಗಿದ ಮೇಲೆ ಫಿಶ್ ಫೈಂಡರ್ ಹಾಕಿ, ಅಥವಾ ಅದಕ್ಕೆ ಬೇರೆಯೇ ಸಣ್ಣ ಬ್ಯಾಟರಿ ಇಡಿ.

ದೋಣಿಯಿಲ್ಲದ ಮಕ್ಕಳಿಗೂ ಒಂದು ಕೆಲಸವಿದೆ. ಮಂಕಾಗಿ ಉರಿಯುವ ಹಳೆಯ ಟಾರ್ಚಿನ ಸೆಲ್ ತೆಗೆದು, ತುಕ್ಕು ಹಿಡಿದ ಸ್ಪ್ರಿಂಗನ್ನು ಅಜ್ಜ ಅಜ್ಜಿಯ ಜೊತೆ ಕುಳಿತು ಮರಳು ಕಾಗದದಿಂದ ಉಜ್ಜಿ. ಅದೇ ಸೆಲ್ ಹಾಕಿ ಬೆಳಕು ನೋಡಿ, ಏನಾಯಿತೆಂದು ನನಗೆ ಬರೆಯಿರಿ.