ಸಾಲಿನಲ್ಲಿ ನಿಂತವರು ಮತ್ತು ಮನೆಯಲ್ಲುಳಿದವರು

1999ರ ಆಗಸ್ಟ್ 30. ಪೂರ್ವ ತಿಮೋರ್‌ನ ಮತಗಟ್ಟೆಗಳು ಬೆಳಿಗ್ಗೆ ಆರೂವರೆಗೆ ತೆರೆಯಬೇಕಿತ್ತು. ಆದರೆ ಜನರು ಬೆಳಕು ಹರಿಯುವ ಮುನ್ನವೇ ಬೆಟ್ಟದ ಹಳ್ಳಿಗಳಿಂದ ನಡೆದು ಬಂದು ಸಾಲುಗಟ್ಟಿ ನಿಂತಿದ್ದರು. ವೃದ್ಧರಿದ್ದರು, ಕೈಗೂಸುಗಳನ್ನು ಎತ್ತಿಕೊಂಡ ತಾಯಂದಿರಿದ್ದರು. ಅವರ ಮುಂದಿದ್ದುದು ಒಂದೇ ಪ್ರಶ್ನೆ: ಇಂಡೋನೇಷ್ಯಾದೊಳಗಿನ ಸ್ವಾಯತ್ತತೆ ಸಾಕೇ, ಬೇಡವೇ? ಬೇಡವೆಂದರೆ ಸ್ವಾತಂತ್ರ್ಯ. ಸೇನೆಯ ಬೆಂಬಲವಿದ್ದ ಸಶಸ್ತ್ರ ಗುಂಪುಗಳು ತಿಂಗಳುಗಳಿಂದ ಬೆದರಿಕೆ ಹಾಕುತ್ತಿದ್ದವು. ಮತ ಹಾಕಿದ ಮೇಲೆ ಏನಾಗಬಹುದೆಂದು ಜನರಿಗೆ ಗೊತ್ತಿತ್ತು. ಹಲವರು ಮತ ಹಾಕಿ ಮನೆಗೆ ಮರಳಲಿಲ್ಲ, ನೇರವಾಗಿ ಬೆಟ್ಟಗಳಲ್ಲಿ ಅಡಗಿಕೊಂಡರು. ಅಂದು ಮತ ಚಲಾಯಿಸಿದವರು ಶೇ. 98ಕ್ಕಿಂತಲೂ ಹೆಚ್ಚು. ಸೆಪ್ಟೆಂಬರ್ 4ರಂದು ಫಲಿತಾಂಶ ಬಂತು. ಶೇ. 78.5ರಷ್ಟು ಮಂದಿ ಸ್ವಾಯತ್ತತೆಯನ್ನು ತಿರಸ್ಕರಿಸಿದ್ದರು. ನಂತರದ ದಿನಗಳಲ್ಲಿ ಊರುಗಳು ಉರಿದವು, ಲಕ್ಷಾಂತರ ಜನ ನಿರಾಶ್ರಿತರಾದರು. ಆದರೂ 2002ರ ಮೇ 20ರಂದು ಆ ಪುಟ್ಟ ನಾಡು ಸ್ವತಂತ್ರವಾಯಿತು.

ಈ ಘಟನೆಯನ್ನು ನೆನೆಯುವಾಗ ನಾವು ಮೊದಲು ನಮ್ಮನ್ನೇ ಪ್ರಶ್ನಿಸಿಕೊಳ್ಳಬೇಕು. ದಮನಕ್ಕೊಳಗಾದವರು ಬಹುತೇಕ ಕ್ರೈಸ್ತರು. 1975ರಲ್ಲಿ ಅವರ ನೆಲವನ್ನು ಆಕ್ರಮಿಸಿದ್ದು ಜಗತ್ತಿನಲ್ಲೇ ಅತಿ ಹೆಚ್ಚು ಮುಸ್ಲಿಮರಿರುವ ದೇಶದ ಸರ್ಕಾರ. ಫೆಲೆಸ್ತೀನ್, ಬೋಸ್ನಿಯಾಗಳಿಗಾಗಿ ಕಣ್ಣೀರಿಟ್ಟ ನಾವು ತಿಮೋರ್‌ಗಾಗಿ ಎಷ್ಟು ಮಾತನಾಡಿದೆವು? ನ್ಯಾಯದ ಪರವಾಗಿ ಸಾಕ್ಷಿಗಳಾಗಿರಿ, ಅದು ನಿಮಗೆ, ನಿಮ್ಮ ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾಗಿದ್ದರೂ ಸರಿ ಎಂಬ ಆಶಯವನ್ನು ಕುರ್‌ಆನ್ ನಮ್ಮ ಮುಂದಿಟ್ಟಿದೆ. ಅನ್ಯಾಯ ಎಸಗಿದವನ ಹೆಸರು ನಮ್ಮ ಹೆಸರಿನಂತಿದೆ ಎಂಬ ಕಾರಣಕ್ಕೆ ಮೌನ ವಹಿಸಿದರೆ ಆ ಸಾಕ್ಷ್ಯ ಎಲ್ಲಿ ಉಳಿಯಿತು?

ಮತವೂ ಒಂದು ಸಾಕ್ಷ್ಯವೇ. ಇವನು ಯೋಗ್ಯ, ಇವನ ಕೈಗೆ ಊರಿನ ಹೊಣೆಯನ್ನು ಒಪ್ಪಿಸಬಹುದು ಎಂದು ನಾವು ನುಡಿಯುವ ಸಾಕ್ಷ್ಯ. ಸುಳ್ಳು ಸಾಕ್ಷ್ಯ ಹೇಳುವುದು ಎಷ್ಟು ದೊಡ್ಡ ಪಾಪವೋ, ಸಾಕ್ಷ್ಯವನ್ನು ಬಚ್ಚಿಡುವುದೂ ಅಷ್ಟೇ ಅಪರಾಧವೆಂದು ನಮಗೆ ಕಲಿಸಲಾಗಿದೆ. ಹಾಗಿರುವಾಗ ಮತದಾನದ ದಿನವನ್ನು ನಾವು ಹೇಗೆ ಕಳೆಯುತ್ತೇವೆ?

ನಮ್ಮ ಚಾಮರಾಜನಗರ, ಗುಂಡ್ಲುಪೇಟೆಯ ಬೀದಿಗಳಲ್ಲಿ ಆ ದಿನ ನಡೆದರೆ ಉತ್ತರ ಸಿಗುತ್ತದೆ. ಕೆಲವರಿಗೆ ಅದು ರಜೆ. ಕೆಲವರು ಸಂಜೆಯವರೆಗೆ ಮನೆಯಲ್ಲೇ ಕುಳಿತು ‘ಯಾರು ಗೆದ್ದರೂ ಅಷ್ಟೇ’ ಎನ್ನುತ್ತಾರೆ. ಕೂಲಿಗಾಗಿ ಕೇರಳದ ಕಡೆಗೆ ಹೋದವರಿಗೆ ಒಂದು ದಿನದ ಸಂಬಳ ಬಿಟ್ಟು ಬರುವುದು ಕಷ್ಟ. ಇನ್ನು ಕೆಲವರಿಗೆ ಅದು ವಸೂಲಿಯ ದಿನ. ಹಿಂದಿನ ರಾತ್ರಿ ಯಾರು ಎಷ್ಟು ಕೊಟ್ಟರು ಎಂಬುದೇ ಚರ್ಚೆ. ಐನೂರು ರೂಪಾಯಿಗೆ ಸಾಕ್ಷ್ಯ ಮಾರಿದವನು ಐದು ವರ್ಷ ಚರಂಡಿ ತುಂಬಿತೆಂದು ದೂರುವ ಹಕ್ಕನ್ನೂ ಅದರೊಂದಿಗೇ ಮಾರಿರುತ್ತಾನೆ.

‘ಒಂದು ಮತದಿಂದ ಏನಾಗುತ್ತದೆ?’ ಎನ್ನುವವರು ನಮ್ಮ ಜಿಲ್ಲೆಯಲ್ಲಿ ಇರಲೇಬಾರದು. 2004ರ ವಿಧಾನಸಭಾ ಚುನಾವಣೆಯಲ್ಲಿ ಇದೇ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಪಡೆದದ್ದು 40,752 ಮತ. ಎ.ಆರ್. ಕೃಷ್ಣಮೂರ್ತಿ ಅವರು ಪಡೆದದ್ದು 40,751. ಅಂತರ ಒಂದೇ ಒಂದು ಮತ! ಸೋತವರ ಕಾರು ಚಾಲಕನಿಗೇ ಅಂದು ಮತ ಹಾಕಲು ಬಿಡುವು ಸಿಗಲಿಲ್ಲವೆಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಮುಂದೆ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಆ ಕ್ಷೇತ್ರವೇ ಇಲ್ಲವಾಯಿತು, ಆದರೆ ಪಾಠ ಉಳಿಯಿತು.

ಬಹಿಷ್ಕಾರದ ಮಾತನ್ನೂ ಇಲ್ಲಿ ಹೇಳಬೇಕು. 2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ಮತದಾನ ನಡೆಯುತ್ತಿದ್ದಾಗ ಹನೂರು ತಾಲೂಕಿನ ಇಂಡಿಗನತ್ತದಲ್ಲಿ ಮತಗಟ್ಟೆ ಧ್ವಂಸವಾಯಿತು, ಮತಯಂತ್ರ ಒಡೆಯಿತು. ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಆ ಜನ ಕೇಳುತ್ತಿದ್ದುದು ರಸ್ತೆ, ನೀರು, ವಿದ್ಯುತ್ತಿನಂತಹ ಮೂಲ ಸೌಕರ್ಯ. ಮತ ಹಾಕುವವರಿಗೂ ಬೇಡವೆನ್ನುವವರಿಗೂ ಜಗಳವಾಯಿತು. ಏಪ್ರಿಲ್ 29ರಂದು ಮರು ಮತದಾನ ನಡೆದಾಗ ಹಲವರು ಬಂಧನದ ಭಯದಿಂದ ಊರು ತೊರೆದಿದ್ದರು. ಐನೂರಕ್ಕೂ ಹೆಚ್ಚು ಮತದಾರರಿದ್ದ ಮತಗಟ್ಟೆಯಲ್ಲಿ ನೂರು ಮಂದಿಯೂ ಮತ ಹಾಕಲಿಲ್ಲ. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಮತಯಂತ್ರವನ್ನು ಹೊತ್ತು ತರಲು ದಾರಿ ಕಂಡುಕೊಂಡ ಆಡಳಿತಕ್ಕೆ ರೋಗಿಯನ್ನು ಹೊತ್ತೊಯ್ಯುವ ದಾರಿಯೇಕೆ ಕಾಣಲಿಲ್ಲ ಎಂಬ ಪ್ರಶ್ನೆಯನ್ನೂ ಯಾರೂ ತಳ್ಳಿಹಾಕಲಾರರು.

ಹಾಗೆಂದು ಬಹಿಷ್ಕಾರ ಮದ್ದಲ್ಲ. ಇತಿಹಾಸದ ಸಾಕ್ಷ್ಯ ನಮ್ಮದೇ ಉಪಖಂಡದಲ್ಲಿದೆ. 1947ರ ಜುಲೈಯಲ್ಲಿ ವಾಯುವ್ಯ ಗಡಿ ಪ್ರಾಂತದಲ್ಲಿ ಜನಮತ ಗಣನೆ ನಡೆಯಿತು. ಭಾರತವೋ ಪಾಕಿಸ್ತಾನವೋ ಎಂಬ ಎರಡೇ ಆಯ್ಕೆಗಳಿದ್ದವು. ವಿಭಜನೆಯನ್ನು ವಿರೋಧಿಸಿದ್ದ ಖಾನ್ ಅಬ್ದುಲ್ ಗಫಾರ್ ಖಾನ್ ಅವರ ಖುದಾಯಿ ಖಿದ್ಮತ್‌ಗಾರರು ತಮ್ಮ ಆಯ್ಕೆಯೇ ಇಲ್ಲವೆಂದು ದೂರ ಉಳಿದರು. ಪಾಕಿಸ್ತಾನದ ಪರ 2,89,244 ಮತ, ಭಾರತದ ಪರ 2,874 ಮತ. ದೂರ ಉಳಿದವರ ಸಂಕಟ ಯಾವ ಪೆಟ್ಟಿಗೆಯಲ್ಲೂ ಲೆಕ್ಕಕ್ಕೆ ಬರಲಿಲ್ಲ. ಅವರ ಕಾರಣ ನ್ಯಾಯವಾದದ್ದೇ ಇರಬಹುದು, ಆದರೆ ಫಲಿತಾಂಶದ ಹಾಳೆಯಲ್ಲಿ ಮೌನಕ್ಕೆ ಅಂಕಣವಿರುವುದಿಲ್ಲ. ಆ ಮಹಾನುಭಾವರು ನಂತರ ಹಲವು ವರ್ಷ ಪಾಕಿಸ್ತಾನದ ಸೆರೆಮನೆಗಳಲ್ಲಿ ಕಳೆದರು. ನಮಗೆ ಇಂದು ಅಂತಹ ಇಕ್ಕಟ್ಟೂ ಇಲ್ಲ. ಯಾರೂ ಬೇಡವೆನ್ನಲು ‘ನೋಟಾ’ ಎಂಬ ಗುಂಡಿ 2013ರಿಂದ ಇದೆ.

ಮತದಾನದ ದಿನವೇ ಸರ್ವಸ್ವ ಎಂಬ ಭ್ರಮೆಯೂ ಬೇಡ. 2011ರ ಜನವರಿಯಲ್ಲಿ ದಕ್ಷಿಣ ಸುಡಾನಿನ ಜನ ಶೇ. 98.8ರ ಬಹುಮತದಿಂದ ಸ್ವಾತಂತ್ರ್ಯವನ್ನು ಆರಿಸಿಕೊಂಡರು. 2013ರ ಡಿಸೆಂಬರ್‌ನಲ್ಲಿ ಅದೇ ಜನ ತಮ್ಮೊಳಗೇ ಕಾದಾಟಕ್ಕಿಳಿದರು. 2017ರ ಸೆಪ್ಟೆಂಬರ್ 25ರಂದು ಇರಾಕಿನ ಕುರ್ದಿಗಳು ಶೇ. 92ಕ್ಕೂ ಹೆಚ್ಚು ಮತಗಳಿಂದ ಸ್ವಾತಂತ್ರ್ಯ ಕೇಳಿದರು, ಆದರೆ ಕೆಲವೇ ವಾರಗಳಲ್ಲಿ ಕಿರ್ಕುಕ್ ನಗರ ಅವರ ಕೈತಪ್ಪಿತು. ಜನಮತವು ಬಾಗಿಲು ತೆರೆಯುತ್ತದೆ. ಒಳಗೆ ಮನೆ ಕಟ್ಟುವ ಕೆಲಸ ನಿತ್ಯದ್ದು.

ಆ ನಿತ್ಯದ ಕೆಲಸವನ್ನು ಈ ನಾಡಿಗೆ ಕಲಿಸಿದವರು ಗುಂಡ್ಲುಪೇಟೆಯಲ್ಲಿ ಹುಟ್ಟಿದ ಅಬ್ದುಲ್ ನಜೀರ್ ಸಾಬ್. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಾಗಿ ಹಳ್ಳಿ ಹಳ್ಳಿಗೂ ಕೊಳವೆ ಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡರು. 1983ರ ಕಾಯ್ದೆಯಡಿ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನಗಳು ಮೀಸಲಾಗಿದ್ದವು. ದೇಶದ ಪಂಚಾಯತ್ ರಾಜ್ ತಿದ್ದುಪಡಿ ಜಾರಿಗೆ ಬಂದದ್ದು ಅನಂತರ, 1993ರಲ್ಲಿ. 1988ರಲ್ಲಿ ತೀರಿಕೊಂಡ ಆ ವ್ಯಕ್ತಿಯನ್ನು ಲಿಂಗಾಯತರು, ಉಪ್ಪಾರರು, ದಲಿತರು, ನಾಯಕರು ಎಲ್ಲರೂ ತಮ್ಮವರೆಂದರು. ಅವರು ಕೊಟ್ಟ ನೀರಿಗೆ ಜಾತಿಯಿರಲಿಲ್ಲ. ಮುಸ್ಲಿಮ್ ರಾಜಕಾರಣಕ್ಕೆ ಇದಕ್ಕಿಂತ ಒಳ್ಳೆಯ ಮಾದರಿಯನ್ನು ಎಲ್ಲಿ ಹುಡುಕುತ್ತೀರಿ? ಆದರೆ ಅವರ ಹುಟ್ಟೂರಿನ ನಮ್ಮ ಎಷ್ಟು ಮಕ್ಕಳಿಗೆ ಅವರ ಹೆಸರು ಗೊತ್ತಿದೆ?

ಈಗ ನಮ್ಮ ಮನೆಗಳ ಮಾತು. ಮೊದಲನೆಯದು, ಮತದಾರರ ಪಟ್ಟಿ. 2023ರ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹೆಸರು ತೆಗೆಯುವಂತೆ 6,018 ಅರ್ಜಿಗಳು ಸಲ್ಲಿಕೆಯಾಗಿದ್ದವು. ಪರಿಶೀಲಿಸಿದಾಗ ಸರಿಯಾಗಿದ್ದುದು 24 ಮಾತ್ರ. ಪಟ್ಟಿಯಲ್ಲಿ ನಮ್ಮ ಹೆಸರಿದೆಯೇ, ತಂದೆಯ ಹೆಸರು, ವಯಸ್ಸು ದಾಖಲೆಗಳಿಗೆ ಹೊಂದುತ್ತವೆಯೇ ಎಂದು ನೋಡುವುದು ಮತದಾನದ ದಿನದ ಕೆಲಸವಲ್ಲ, ಅದಕ್ಕೂ ತಿಂಗಳುಗಳ ಮುಂಚಿನ ಕೆಲಸ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನಲ್ಲೂ ಇಲ್ಲ, ಇಲ್ಲೂ ಇಲ್ಲ ಎಂಬ ಸ್ಥಿತಿ ಎಷ್ಟೋ ಮನೆಗಳಲ್ಲಿದೆ. ಜುಮಾ ದಿನ ಮಸೀದಿಯ ಅಂಗಳದಲ್ಲಿ ಪಟ್ಟಿ ಹಿಡಿದು ನಾಲ್ವರು ವಿದ್ಯಾವಂತ ಯುವಕರು ಕುಳಿತರೆ ಅದು ದೊಡ್ಡ ಸೇವೆ.

ಎರಡನೆಯದು, ಮನೆಯ ಹೆಣ್ಣುಮಕ್ಕಳ ಮತ. ಅದು ಗಂಡನ ಎರಡನೇ ಮತವಲ್ಲ. ನಾಳೆ ಅಲ್ಲಾಹನ ಮುಂದೆ ತನ್ನ ಸಾಕ್ಷ್ಯಕ್ಕೆ ಆಕೆ ತಾನೇ ಉತ್ತರಿಸಬೇಕಾಗಿರುವಾಗ ಇಂದು ಆಕೆಯ ಬೆರಳನ್ನು ಹಿಡಿದು ಒತ್ತಿಸಲು ನಾವು ಯಾರು?

ಮೂರನೆಯದು, ಗುತ್ತಿಗೆಯ ಮತ. ‘ಇಡೀ ಮೊಹಲ್ಲಾದ ಮತ ನನ್ನ ಕೈಯಲ್ಲಿದೆ’ ಎಂದು ಅಭ್ಯರ್ಥಿಯ ಮನೆಗೆ ಹೋಗುವವರು ಯಾರ ಅನುಮತಿ ಪಡೆದು ಹೋಗುತ್ತಾರೆ? ಜಮಾಅತ್ ಮತದಾರರಿಗೆ ತಿಳಿವಳಿಕೆ ನೀಡಲಿ, ಅಭ್ಯರ್ಥಿಗಳನ್ನು ಕರೆದು ಪ್ರಶ್ನಿಸಲಿ. ಆದರೆ ಸಮುದಾಯವನ್ನು ಸಗಟು ಸರಕಾಗಿ ಮಾರುವ ದಲ್ಲಾಳಿಗಳಿಗೆ ಮಸೀದಿಯ ಬಾಗಿಲು ಮುಚ್ಚಲಿ.

ತಿಮೋರ್‌ನ ಆ ಜನರಿಗೆ ಇಪ್ಪತ್ತನಾಲ್ಕು ವರ್ಷಗಳ ದಮನದ ನಂತರ ಒಂದೇ ಒಂದು ದಿನ ಸಿಕ್ಕಿತ್ತು. ಅವರು ಪ್ರಾಣವನ್ನು ಪಣಕ್ಕಿಟ್ಟು ಸಾಲಿನಲ್ಲಿ ನಿಂತರು. ನಮಗೆ ಈ ದೇಶದ ಸಂವಿಧಾನ ಆ ದಿನವನ್ನು ಮತ್ತೆ ಮತ್ತೆ ಕೊಡುತ್ತಿದೆ: ಪಂಚಾಯಿತಿಗೆ, ನಗರಸಭೆಗೆ, ವಿಧಾನಸಭೆಗೆ, ಲೋಕಸಭೆಗೆ. ಇಲ್ಲಿ ಗುಂಡಿನ ಭಯವಿಲ್ಲ. ಬೇಕಾಗಿರುವುದು ಮನೆಯಿಂದ ಶಾಲೆಯವರೆಗಿನ ಹತ್ತು ನಿಮಿಷಗಳ ನಡಿಗೆ ಮತ್ತು ಮಾರಾಟಕ್ಕಿಲ್ಲದ ಒಂದು ಮನಸ್ಸು. ಅಷ್ಟನ್ನೂ ಕೊಡಲಾಗದಿದ್ದರೆ ನಮ್ಮ ಹಕ್ಕನ್ನು ಕಸಿದವರು ಯಾರೆಂದು ಹೊರಗೆ ಹುಡುಕಬೇಕಾಗಿಲ್ಲ.