ಬರೇ ನೋಡಿದ್ದಕ್ಕ ರೊಕ್ಕಾ?

ತುಂಬಾ ದಿನ ಆಯ್ತು ಇಲ್ಲಿ ಬರೆದು. ಆಫೀಸು, ರಿಲೀಸು ಅಂತ ನೆಪ ಹೇಳೋದು ಬೇಡ, ಸೋಮಾರಿತನ ಅಷ್ಟೇ :-) ಇವತ್ತು ಬರೆಯೋಕೆ ಕಾರಣ ಎರಡು ಇಂಜಿನ್‌ಗಳು. ಒಂದು ಅಮೆರಿಕದ ಮಿನ್ನೆಸೋಟದ್ದು, ಇನ್ನೊಂದು ನಮ್ಮೂರು ಅಕ್ಕಿಆಲೂರಿಂದು.

ಮಿನ್ನೆಸೋಟದ್ದು ಸ್ನೋಮೊಬೈಲ್. ಹಿಮದ ಮೇಲೆ ಓಡೋ ಬೈಕು ಅಂದ್ಕೊಳ್ಳಿ. ಮುಂದೆ ಚಕ್ರದ ಬದಲು ಎರಡು ಜಾರುಹಲಗೆ, ಹಿಂದೆ ಹಿಟಾಚಿ ಚೈನಿನ ಥರ ರಬ್ಬರ್ ಪಟ್ಟಿ. ನಮ್ಮ ಟೀಮಿನವನೊಬ್ಬ ಆ ಕಡೆಯವನು. ಡಿಸೆಂಬರಿನ ಒಂದು ಸೋಮವಾರ ಮೀಟಿಂಗ್ ಶುರುವಾಗೋ ಮುಂಚೆ ಹೇಳಿದ, "ಹೊರಗೆ ಮೈನಸ್ ಹತ್ತು ಡಿಗ್ರಿ, ನನ್ನ ಗಾಡಿ ಮಾತ್ರ ಓವರ್‌ಹೀಟ್" ಅಂತ. ನಾನು ತಮಾಷೆ ಅಂದ್ಕೊಂಡೆ. ಅಲ್ಲವಂತೆ. ನೀರಿನಿಂದ ತಣ್ಣಗಾಗೋ ಸ್ನೋಮೊಬೈಲ್‌ಗಳಲ್ಲಿ ಬಹಳಷ್ಟಕ್ಕೆ ನಮ್ಮ ಗಾಡಿಗಳ ಹಾಗೆ ಫ್ಯಾನು, ರೇಡಿಯೇಟರು ಇರೋದಿಲ್ಲ. ಇಂಜಿನ್ನಿನ ಬಿಸಿನೀರು ರಬ್ಬರ್ ಪಟ್ಟಿಯ ಮೇಲ್ಗಡೆ ಇರೋ ಅಲ್ಯೂಮಿನಿಯಂ ಕೊಳವೆಗಳಲ್ಲಿ ಹರಿಯುತ್ತೆ, ಪಟ್ಟಿ ತಿರುಗುವಾಗ ಎರಚೋ ಹಿಮ ಅದಕ್ಕೆ ಬಡಿದು ತಣ್ಣಗೆ ಮಾಡುತ್ತೆ. ಇವನು ಹೊಡೆದದ್ದು ಗಟ್ಟಿ ಐಸಿನ ಮೇಲೆ. ಪುಡಿ ಹಿಮ ಇಲ್ಲ, ಎರಚೋಕೆ ಏನೂ ಇಲ್ಲ. ಸುತ್ತ ಕಣ್ಣು ಹಾಯೋವರೆಗೂ ಐಸು, ನಡುವೆ ಕುದಿಯೋ ಇಂಜಿನ್! ಅದಕ್ಕೇ ಅಲ್ಲಿನವರು ಐಸು ಕೆರೆದು ಪುಡಿ ಎಬ್ಬಿಸೋ ಕಡ್ಡಿಗಳನ್ನ ಗಾಡಿಗೆ ಕಟ್ಟಿಕೊಂಡು ಓಡಿಸ್ತಾರಂತೆ.

ಆ ವಾರವೇ ಊರಿಗೆ ಹೋದೆ. ನಮ್ಮ ಕಡೆ ಗೋವಿನಜೋಳದ ರಾಶಿ ನಡೆದಿತ್ತು. ಹೆಸರಿನಲ್ಲೇ ಅಕ್ಕಿ ಇರೋ ಊರಿನಲ್ಲಿ ಗೋವಿನಜೋಳ ಯಾಕೆ ಅಂತ ಕೇಳಬೇಡಿ, ಹಾನಗಲ್ ತಾಲ್ಲೂಕಿನಲ್ಲಿ ಈಗ ಭತ್ತದ ಹೊಲಗಳೆಷ್ಟೋ ಅದಕ್ಕೇ ಹೋಗಿವೆ. ಅದು ಬೇರೆ ಕತೆ. ಕಣದಲ್ಲಿ ಟ್ರ್ಯಾಕ್ಟರ್ ನಿಂತಿದೆ, ಹಿಂದೆ ಪಿಟಿಓಗೆ ರಾಶಿ ಮಷಿನ್. ಅರ್ಧ ಗಂಟೆಗೊಮ್ಮೆ ಹೀಟ್ ಮುಳ್ಳು ಕೆಂಪಿಗೆ. ಅಪ್ಪ ಬಂದ್ ಮಾಡ್ತಾರೆ, ಕೂಲಿಯವರು ಬೀಡಿ ಹಚ್ಚುತ್ತಾರೆ, ಒಂದು ಕೊಡ ನೀರು, ಮತ್ತೆ ಶುರು.

"ಎರಡ ವರ್ಷಾತು ಹಿಂಗ ಮಾಡಾಕತ್ತೈತಿ. ನೀ ಇಂಜಿನಿಯರ್ ಅದಿಯಲ್ಲ, ಇಂಜಿನ್ ನೋಡು" ಅಂದ್ರು ಅಪ್ಪ.

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್ ಅಂತ ಎಷ್ಟನೇ ಸಲ ಹೇಳೋದು? ವಿಟಿಯುನಲ್ಲಿ ಮೊದಲ ವರ್ಷ ಎಲ್ಲರಿಗೂ ಎಲಿಮೆಂಟ್ಸ್ ಆಫ್ ಮೆಕ್ಯಾನಿಕಲ್ ಇತ್ತು ನಿಜ, ಅದನ್ನ ಪಾಸಾದ ದಿನವೇ ಮರೆತಿದ್ದೆ. ಆದರೆ ನನ್ನ ದಿನದ ಕೆಲಸವೇ ಇದು: ಏನೋ ಕೆಟ್ಟಿದೆ, ಎಲ್ಲಿ ಅಂತ ಹುಡುಕು. ಹಾಗಾಗಿ ಇಲ್ಲಿಯವರೆಗೆ ಏನೇನು ಮಾಡಿಸಿದ್ದೀರಿ ಅಂತ ಕೇಳಿದೆ. ಪಟ್ಟಿ ಬಂತು. ರೇಡಿಯೇಟರಿನ ಮುಚ್ಚಳ ಹೊಸದು. ವಾಟರ್ ಪಂಪ್ ಹೊಸದು. ಥರ್ಮೋಸ್ಟಾಟ್... "ಅದನ್ನ ತಗದ ಒಗದಾರ. ನಮ್ಮ ಕಡೆ ಸೆಕೆಗೆ ಅದು ಬೇಕಾಗೂದಿಲ್ಲಂತ."

ಯಾವಾಗ ಹೀಟ್ ಆಗುತ್ತೆ ಅಂತ ಯಾರಾದ್ರೂ ಕೇಳಿದ್ರಾ? ಇಲ್ಲ.

ಇಡೀ ವಿಷಯ ಇರೋದೇ ಆ ಪ್ರಶ್ನೆಯಲ್ಲಿ ಅಂತ ನನ್ನ ಅಭಿಪ್ರಾಯ. ಸುಟ್ಟ ಡೀಸೆಲ್ಲಿನ ಶಕ್ತಿಯಲ್ಲಿ ಹೆಚ್ಚುಕಮ್ಮಿ ಕಾಲುಭಾಗ ನೀರಿನ ಮೂಲಕವೇ ಹೊರಗೆ ಹೋಗಬೇಕು. ಇಂಜಿನ್ನಿಂದ ನೀರಿಗೆ, ನೀರಿಂದ ರೇಡಿಯೇಟರಿಗೆ, ರೇಡಿಯೇಟರಿಂದ ಗಾಳಿಗೆ. ದಾರಿ ಎಲ್ಲಿ ಕಟ್ಟಿಕೊಂಡಿದೆ ಅನ್ನೋದರ ಮೇಲೆ ಲಕ್ಷಣ ಬದಲಾಗುತ್ತೆ. ಚಾಲು ಮಾಡಿದ ಸ್ವಲ್ಪ ಹೊತ್ತಿಗೇ ರೇಡಿಯೇಟರಿನಲ್ಲಿ ಗುಳ್ಳೆ ಏಳ್ತಾ ಇದ್ರೆ, ಇಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದ ಹಾಗೆ ಆಗಿದ್ರೆ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಇಂಜಿನ್ ಕುದಿಯುತ್ತಿದೆ ಆದರೆ ರೇಡಿಯೇಟರಿನ ಕೆಳಗಿನ ಪೈಪು ತಣ್ಣಗಿದೆ ಅಂದ್ರೆ ನೀರೇ ತಿರುಗ್ತಿಲ್ಲ: ಪಂಪು, ಮುಚ್ಚಿಕೊಂಡ ಥರ್ಮೋಸ್ಟಾಟು, ಇಲ್ಲಾ ನೀರೇ ಕಮ್ಮಿ. ಮೇಲಿನದೂ ಕೆಳಗಿನದೂ ಎರಡೂ ಸುಡ್ತಾ ಇವೆ ಅಂದ್ರೆ ನೀರು ತಿರುಗ್ತಾ ಇದೆ, ಗಾಳಿ ಸಾಲ್ತಿಲ್ಲ.

ನಮ್ಮದು ರಸ್ತೆಯಲ್ಲಿ ಹೀಟ್ ಆಗಲ್ಲ. ಟ್ರಾಲಿ ಕಟ್ಟಿಕೊಂಡು ಹಾನಗಲ್ಲಿಗೆ ಹೋಗಿಬಂದರೂ ಮುಳ್ಳು ಏಳೋದೇ ಇಲ್ಲ. ರಾಶಿ ಮಷಿನ್‌ಗೆ ಹಚ್ಚಿ, ಪಿಟಿಓ ನಿಮಿಷಕ್ಕೆ 540 ಸುತ್ತು ತಿರುಗೋ ಹಾಗೆ ಆಕ್ಸಿಲರೇಟರ್ ಕೊಟ್ಟು ನಿಲ್ಲಿಸಿದ್ರೆ ಮಾತ್ರ. ಎರಡೂ ಪೈಪು ಮುಟ್ಟೋಕಾಗದಷ್ಟು ಬಿಸಿ. (ಕೋವಿಡ್ ಕಾಲದ ಹಣೆಗೆ ಹಿಡಿಯೋ ಥರ್ಮಾಮೀಟರ್ ಮನೆಯಲ್ಲಿತ್ತು, ಜಾಣತನ ತೋರಿಸೋಣ ಅಂತ ಅದನ್ನ ಪೈಪಿಗೆ ಹಿಡಿದೆ. "ಜ್ವರ ಜಾಸ್ತಿ" ಅಂತ ಕೀರಲಿಟ್ಟು ಸುಮ್ಮನಾಯ್ತು.) ಫ್ಯಾನ್ ಬೆಲ್ಟ್ ನಡುವೆ ಹೆಬ್ಬೆರಳಲ್ಲಿ ಒತ್ತಿದೆ, ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ ಬಗ್ಗಿತು, ಸರಿಯಾಗೇ ಇದೆ. ಮುಂದಿನ ಜಾಳಿಗೆ ಸ್ವಚ್ಛ, ಅಪ್ಪ ದಿನಾ ಜಾಡಿಸ್ತಾರೆ. ಇಂಜಿನ್ ಪೂರ್ತಿ ಆರಿದ ಮೇಲೆ ಜಾಳಿಗೆ ಬಿಚ್ಚಿ ರೇಡಿಯೇಟರಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದೆ. ಬೆಳಕು ಈ ಕಡೆ ಬರಲೇ ಇಲ್ಲ. ಒಳಗಿನ ಸಣ್ಣ ರೆಕ್ಕೆಗಳ ಸಂದಿಯಲ್ಲಿ ಎರಡು ವರ್ಷದ ಹೊಟ್ಟು, ಧೂಳು, ಎಲ್ಲಿಂದಲೋ ಜಿನುಗಿದ ಎಣ್ಣೆ ಸೇರಿ ಸಗಣಿ ಬಳಿದ ಗೋಡೆ ಥರ ಆಗಿತ್ತು.

ಸುತ್ತ ಡಿಸೆಂಬರಿನ ತಣ್ಣನೆ ಗಾಳಿ, ಒಳಗೆ ಹೋಗೋಕೆ ದಾರಿ ಇಲ್ಲ. ಮಿನ್ನೆಸೋಟದ ಐಸಿನದೇ ಕತೆ.

ಫ್ಯಾನು ಗಾಳಿಯನ್ನ ಮುಂದಿನಿಂದ ಎಳೆಯುತ್ತೆ, ಹಾಗಾಗಿ ತೊಳೆಯೋದು ಹಿಂದಿನಿಂದ ಮುಂದಕ್ಕೆ. ಮುಂದಿನಿಂದ ನೀರು ಹೊಡೆದರೆ ಕಸ ಇನ್ನೂ ಒಳಗೆ ಕೂರುತ್ತೆ. ಜೋರಾಗಿ ಹೊಡೆದರೆ ರೆಕ್ಕೆ ಮಡಚಿಕೊಳ್ಳುತ್ತವೆ. ಸೋಪಿನ ನೀರು, ಹಳೇ ಬ್ರಷ್ಷು, ಎರಡು ತಾಸು. ಮರುದಿನ ಮಧ್ಯಾಹ್ನದವರೆಗೆ ರಾಶಿ ನಿಲ್ಲಲಿಲ್ಲ.

ಹಾಗಾದ್ರೆ ಥರ್ಮೋಸ್ಟಾಟ್ ಕಿತ್ತಿದ್ದರಿಂದ ಏನಾಯ್ತು? ಉಪಯೋಗವಂತೂ ಇಲ್ಲ. ಅದು ಇರೋದು ಇಂಜಿನ್ ಬೇಗ ಬಿಸಿಯಾಗಿ ಹದಕ್ಕೆ ಬರಲಿ ಅಂತ. ಸಾಮಾನ್ಯವಾಗಿ 80 ಡಿಗ್ರಿ ಆಸುಪಾಸಿನಲ್ಲಿ ತೆರೆಯುತ್ತೆ. ಅದಿಲ್ಲದಿದ್ರೆ ಹಗುರ ಕೆಲಸದಲ್ಲಿ ಇಂಜಿನ್ ಸದಾ ತಣ್ಣಗೇ ಇರುತ್ತೆ, ಡೀಸೆಲ್ ಜಾಸ್ತಿ ಕುಡಿಯುತ್ತೆ, ಮಸಿ ಕೂರುತ್ತೆ, ಸವೆತ ಹೆಚ್ಚು. ಇನ್ನೂ ಒಂದಿದೆ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆದಾಗ ಬೈಪಾಸ್ ದಾರಿಯನ್ನ ಮುಚ್ಚುತ್ತೆ. ಅಂಥದ್ದರಲ್ಲಿ ಅದನ್ನ ಕಿತ್ತರೆ ಒಂದಷ್ಟು ಬಿಸಿನೀರು ರೇಡಿಯೇಟರಿಗೆ ಹೋಗದೇ ಒಳಗೇ ಸುತ್ತುತ್ತೆ, ಭಾರ ಬಿದ್ದಾಗ ಹೀಟ್ ಇನ್ನೂ ಜಾಸ್ತಿ! ಅದು ಕೆಟ್ಟಿದೆಯಾ ಅಂತ ನೋಡೋದು ಎಷ್ಟು ಸುಲಭ ಗೊತ್ತಾ? ಬೋಗುಣಿಯಲ್ಲಿ ನೀರು ಕಾಯಿಸಿ ಅದರಲ್ಲಿ ಇಳಿಬಿಡಿ, ತೆರೆದರೆ ಚೆನ್ನಾಗಿದೆ. ಹೊಸದನ್ನ ತಂದು ಹಾಗೆ ಮಾಡಿ ತೋರಿಸಿದೆ. ಅಪ್ಪ ಬೆರಗಾಗಿ ನೋಡಿದ್ರು. ಅವ್ವ ಮಾತ್ರ "ಆ ಬೋಗುಣಿ ಇನ್ನ ಒಲಿ ಮ್ಯಾಲ ಇಡಾಂಗಿಲ್ಲ" ಅಂತ ಅದನ್ನ ದನಗಳ ಕೊಟ್ಟಿಗೆಗೆ ದಾಟಿಸಿದಳು.

ನಮ್ಮದೇನೋ ಹೊಟ್ಟಿನಲ್ಲಿ ಮುಗೀತು. ಪಕ್ಕದ ಹೊಲದ ಮಾಮಾಂದು ಹಾಗಾಗಲಿಲ್ಲ. ಅವರದು ಸಾಲದ ಟ್ರ್ಯಾಕ್ಟರ್, ರಾಶಿ ಬಾಡಿಗೆಯಲ್ಲೇ ಕಂತು ಕಟ್ಟಬೇಕು. ಹಿಂದಿನ ವರ್ಷ ಕುದಿಯೋ ಇಂಜಿನ್ನಿಗೆ ಗಡಿಬಿಡಿಯಲ್ಲಿ ಬೋರಿನ ತಣ್ಣೀರು ಸುರಿದ್ರು. ಹೆಡ್ ಸೀಳಿತು. ಕಾದ ಹಂಚಿಗೆ ನೀರು ಹೊಡೆದ ಹಾಗೆ. ಸಾಮಾನು ಹುಬ್ಬಳ್ಳಿಯಿಂದ ಬಂದು ರಿಪೇರಿ ಮುಗಿಯೋ ಹೊತ್ತಿಗೆ ಊರ ರಾಶಿಯೇ ಮುಗಿದಿತ್ತು. ಅವರ ಟ್ರ್ಯಾಕ್ಟರಿನ ಥರ್ಮೋಸ್ಟಾಟೂ ಅದಕ್ಕೂ ಮುಂಚೆ ಒಗೆದಾಗಿತ್ತು, ಹೇಳಬೇಕಿಲ್ಲ ತಾನೇ?

ಇಷ್ಟು ಓದಿ "ಹಳ್ಳಿ ಮೆಕ್ಯಾನಿಕ್‌ಗಳಿಗೆ ಏನೂ ಗೊತ್ತಿಲ್ಲ" ಅಂತ ನಾನು ಬೈತಿದ್ದೀನಿ ಅಂದ್ಕೊಂಡ್ರೆ, ಅಲ್ಲ. ನಮ್ಮ ಮಿಸ್ತ್ರಿ ಕಾಕಾನ ಹತ್ರ ಹೋಗಿ ಇದನ್ನೇ ಕೇಳಿದೆ. ಅವರು ನಕ್ಕು ಹೇಳಿದ್ದು: "ತಮ್ಮಾ, ನನಗ ಗೊತ್ತಿಲ್ಲೇನು? ಎರಡ ತಾಸ ಕುಂತ ನೋಡಿ, ಕಸಾ ಕಟ್ಟೇತಿ ತೊಳೀರಿ ಅಂದ್ರ ನಿಮ್ಮಪ್ಪ ಎಷ್ಟ ಕೊಡ್ತಾನ? ಬರೇ ನೋಡಿದ್ದಕ್ಕ ರೊಕ್ಕಾ ಅಂತಾನ. ಪಂಪ್ ಹಾಕಿದ್ರ ಮಾತಾಡ್ದ ಕೊಡ್ತಾನ."

ನನ್ನ ಬಾಯಿ ಕಟ್ಟಿತು. ನಾನು ಬೆಂಗಳೂರಲ್ಲಿ ಮೂರು ದಿನ ಲಾಗ್ ಓದಿ ಒಂದು ಸಾಲು ಬದಲಾಯಿಸ್ತೀನಿ, ಮೂರೂ ದಿನದ ಸಂಬಳ ಬರುತ್ತೆ. ಆ ಒಂದು ಸಾಲು ಎಲ್ಲಿ ಅಂತ ಹುಡುಕಿದ್ದಕ್ಕೇ ಆ ಸಂಬಳ. ಕಾಕಾನಿಗೆ ಮಾತ್ರ ಏನಾದ್ರೂ ಕಿತ್ತರೆ, ಏನಾದ್ರೂ ಹಾಕಿದರೆ ದುಡ್ಡು. ಹಾಗಿದ್ದಾಗ ಅವರು ಕೀಳ್ತಾರೆ, ಹಾಕ್ತಾರೆ. ರಾಶಿ ದಿನಗಳಲ್ಲಿ ನಾಲ್ಕು ಜನ ಬಾಗಿಲಲ್ಲಿ ನಿಂತು "ಲಗೂನ ಮಾಡಿ ಕೊಡ್ರಿ" ಅಂತಿರುವಾಗ ಇನ್ನೇನು ಮಾಡಬೇಕು? ತಪ್ಪು ಅವರದಷ್ಟೇ ಅಲ್ಲ, ಅರ್ಧಕ್ಕಿಂತ ಜಾಸ್ತಿ ನಮ್ಮಪ್ಪಂದು ಮತ್ತು ನಮ್ಮಪ್ಪನಂಥವರದು. ಎರಡು ವರ್ಷದಲ್ಲಿ ಬೇಕಿಲ್ಲದ ಸಾಮಾನಿಗೆ ಸುರಿದ ದುಡ್ಡಿನಲ್ಲಿ ಹತ್ತು ಸಲ "ನೋಡಿದ್ದಕ್ಕೆ" ಕೊಡಬಹುದಿತ್ತು. ಇದನ್ನ ಅಪ್ಪನಿಗೆ ಹೇಳಿದೆ. ಒಪ್ಪಲಿಲ್ಲ. ಆದರೂ ಹೊಸ ಥರ್ಮೋಸ್ಟಾಟ್ ಕೂರಿಸೋಕೆ ಕಾಕಾ ಬಂದಾಗ, ಮೊದಲು ಒಂದು ತಾಸು ಎಲ್ಲಾ ನೋಡಿ ಹೇಳಿ, ಅದಕ್ಕೇ ಬೇರೆ ಮುನ್ನೂರು ಅಂತ ನಾನೇ ಕೊಟ್ಟೆ. ಅವರು ಎಣ್ಣೆ ಜಿನುಗೋ ಜಾಗ ಹುಡುಕಿಕೊಟ್ಟರು. ನನಗೆ ಅದು ಸಿಕ್ಕಿರಲಿಲ್ಲ.

ಬೆಂಗಳೂರಿಗೆ ಬಂದ ಮೂರನೇ ದಿನ ಅಪ್ಪನ ಫೋನು, ದನಿಯಲ್ಲಿ ಗಾಬರಿ.

"ಮುಳ್ಳು ಕೆಳಗೂ ಇಳಿವಲ್ದು, ಕೆಂಪಿಗೂ ಹೋಗವಲ್ದು. ನಡುವ ನಿಂತೈತಿ. ಮೀಟರ್ ಕೆಟ್ಟೈತೇನ ನೋಡಪಾ."